ನಾನೂರು, ಮುನ್ನೂರು, ಇನ್ನೂರು

1990ರ ಫೆಬ್ರವರಿ 14ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಹತ್ತಿರ ಇಂಡಿಯನ್ ಏರ್‌ಲೈನ್ಸ್‌ನ ವಿಮಾನವೊಂದು ನೆಲಕ್ಕೆ ಬಡಿಯಿತು. ಬೊಂಬಾಯಿಯಿಂದ ಬರುತ್ತಿದ್ದ ವಿಮಾನ ಅದು. ಒಳಗಿದ್ದವರು 146 ಜನ. ಅವರಲ್ಲಿ 92 ಜನ ತೀರಿಕೊಂಡರು, 54 ಜನ ಬದುಕಿ ಉಳಿದರು. ಮೋಡವಿಲ್ಲ, ಮಳೆಯಿಲ್ಲ, ಮಂಜಿಲ್ಲ. ನಮ್ಮ ಕಡೆ ಫೆಬ್ರವರಿಯ ಆಕಾಶ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ, ಒರೆಸಿಟ್ಟ ಗಾಜಿನ ಹಾಗೆ. ರನ್‌ವೇ ಕಣ್ಣೆದುರಿಗೇ ಕಾಣುತ್ತಿತ್ತು. ವಿಮಾನವಾದರೋ ಹೊಚ್ಚ ಹೊಸದು, ಕಂಪನಿಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ.

ಆ ಸುದ್ದಿ ಚಿಂತಾಮಣಿಗೆ ಬಂದದ್ದು ಸಂಜೆಯ ರೇಡಿಯೋದಲ್ಲಿ. ಮಾರನೆಯ ದಿನ ಪತ್ರಿಕೆಗಳಲ್ಲಿ ಕರಿಬಿದ್ದ ವಿಮಾನದ ಚಿತ್ರಗಳು ಬಂದವು. ಆಗ ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಎಂದರೆ ಒಬ್ಬರೋ ಇಬ್ಬರೋ. ವಿಮಾನವೆಂದರೆ ದೊಡ್ಡವರ ವಿಷಯ, ನಮಗೆ ಬೆಂಗಳೂರಿನ ಬಸ್ಸು ಸಿಕ್ಕಿದರೆ ಸಾಕು ಎನ್ನುವ ಕಾಲ. ಆದರೂ ವಾರವೆಲ್ಲ ಅದೇ ಮಾತು. ನಲ್ಲಿಯ ಹತ್ತಿರ ನಿಂತವರು ಎರಡು ಪಕ್ಷವಾದರು. ಒಂದು ಪಕ್ಷ, ಫ್ರಾನ್ಸಿನವರು ಕಂಪ್ಯೂಟರು ತುಂಬಿ ಕೊಟ್ಟ ಯಂತ್ರ, ಅದೇ ಕೈಕೊಟ್ಟಿತು ಎಂದಿತು. ಇನ್ನೊಂದು ಪಕ್ಷ, ಯಂತ್ರಕ್ಕೇನು ಗೊತ್ತು, ನಡೆಸುವವರು ಮಾತಾಡಿಕೊಂಡು ಕೂತಿದ್ದರೇನೋ ಎಂದಿತು. ಸತ್ತವರ ಮೇಲೆ ಹೀಗೆ ಮಾತು ಹೊರಿಸುವುದು ನನಗೆ ಆಗಲೂ ಹಿಡಿಸಿರಲಿಲ್ಲ. ಹೌದು ಅಲ್ಲ ಎನ್ನುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ, ಅಷ್ಟೆ.

ವರ್ಷಗಳು ಉರುಳಿದ ಮೇಲೆ ನಮ್ಮಕ್ಕನ ಮಗಳು ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹಟ ಹಿಡಿದಳು. ಅಕ್ಕ ಮೂರು ದಿನ ಊಟ ಬಿಟ್ಟಳು. ನಾಲ್ಕನೆಯ ದಿನ ಭಾವನವರೇ ಸೋತರು. ಆ ಹುಡುಗಿ ರಜೆಗೆ ಬಂದಾಗಲೆಲ್ಲ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದಳು. ಅವಳ ಪಾಠಗಳಲ್ಲಿ ಈ ಬೆಂಗಳೂರಿನ ಅಪಘಾತವೂ ಇತ್ತು. ಆಗ ನನಗೆ ತಿಳಿಯಿತು, ನಲ್ಲಿಯ ಹತ್ತಿರ ನಾವು ಆಡಿದ ಎರಡು ಮಾತೂ ಅರ್ಧಂಬರ್ಧ ಎಂದು.

ನಡೆದದ್ದು ಹೀಗೆ. ವಿಮಾನದ ಹೆಸರು ಏರ್‌ಬಸ್ ಎ-320. ಹಳೆಯ ವಿಮಾನಗಳಲ್ಲಿ ಇಂಜಿನ್ನಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಹಿಡಿಕೆಗಳು, ಯಂತ್ರವೇ ಶಕ್ತಿಯನ್ನು ಬದಲಾಯಿಸಿದಾಗಲೂ ತಾವಾಗಿ ಹಿಂದೆ ಮುಂದೆ ಸರಿಯುತ್ತಿದ್ದವು. ಕೈ ಇಟ್ಟುಕೊಂಡು ಕೂತವರಿಗೆ ಕಣ್ಣು ಹಾಯಿಸದೆಯೇ ಇಂಜಿನ್ನು ಏನು ಮಾಡುತ್ತಿದೆ ಎಂಬುದು ಅಂಗೈಗೆ ತಿಳಿಯುತ್ತಿತ್ತು. ಏರ್‌ಬಸ್ಸಿನಲ್ಲಿ ಹಿಡಿಕೆ ಇದ್ದಲ್ಲೇ ಇರುತ್ತದೆ, ಶಕ್ತಿ ಮಾತ್ರ ಒಳಗೊಳಗೇ ಬದಲಾಗುತ್ತದೆ. ತಿಳಿಯಬೇಕಾದರೆ ಪರದೆಯನ್ನು ನೋಡಬೇಕು. ಒರಳಿನಲ್ಲಿ ರುಬ್ಬುವಾಗ ಹಿಟ್ಟು ನುಣ್ಣಗಾದದ್ದು ಕೈಗೇ ಗೊತ್ತಾಗುತ್ತಿತ್ತಲ್ಲ, ಮಿಕ್ಸಿ ಬಂದ ಮೇಲೆ ಮುಚ್ಚಳ ತೆಗೆದು ನೋಡಬೇಕಾಯಿತು, ಹಾಗೆ ಎನ್ನಿ. ಮಿಕ್ಸಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನ್ನ ಮನೆಯಲ್ಲೂ ಎರಡಿವೆ.

ಅಂದು ಮುಂದಿನ ಎರಡು ಆಸನಗಳಲ್ಲಿ ಕೂತವರು ಇಬ್ಬರೂ ಅನುಭವಸ್ಥ ಕ್ಯಾಪ್ಟನ್‌ಗಳು. ಎಡಗಡೆ ಕೂತವರು ಈ ಹೊಸ ಬಗೆಯ ವಿಮಾನಕ್ಕೆ ಕ್ಯಾಪ್ಟನ್ ಆಗಲು ಪರೀಕ್ಷೆ ಕೊಡುತ್ತಿದ್ದವರು, ವಿಮಾನ ಅವರ ಕೈಯಲ್ಲಿತ್ತು. ಬಲಗಡೆ ಕೂತವರು ಪರೀಕ್ಷೆ ಮಾಡುತ್ತಿದ್ದವರು. ಇದನ್ನು ರೂಟ್ ಚೆಕ್ ಎನ್ನುತ್ತಾರೆ. ಪರೀಕ್ಷೆಯ ಕೊಠಡಿ ಬೇರೆ, ಕೆಲಸದ ಕೊಠಡಿ ಬೇರೆ ಅಲ್ಲ. ಹಿಂದೆ ಜನ ಕೂತಿದ್ದಾರೆ, ಮುಂದೆ ಪರೀಕ್ಷೆ ನಡೆದಿದೆ. ಹೊಸದಾಗಿ ಬಂದ ಸೊಸೆ ಅತ್ತೆಯ ಎದುರಿಗೆ ಮೊದಲ ಸಲ ಹೋಳಿಗೆ ತಟ್ಟುವಾಗ ಅವಳ ಗಮನ ಅರ್ಧ ಹೋಳಿಗೆಯ ಮೇಲೆ, ಅರ್ಧ ಅತ್ತೆಯ ಮುಖದ ಮೇಲೆ ಇರುತ್ತದೆ. ಅತ್ತೆಯ ಗಮನವೂ ಹೋಳಿಗೆಯ ಮೇಲೆ ಇರುವುದಿಲ್ಲ, ಸೊಸೆಯ ಕೈ ಮೇಲೆ ಇರುತ್ತದೆ. ಒಲೆಯ ಮೇಲಿನ ಕಾವಲಿಯನ್ನು ಯಾರು ನೋಡುತ್ತಾರೆ?

ವಿಮಾನ ಇಳಿಯುವಾಗ ಯಂತ್ರವನ್ನು ಬೇರೆ ಬೇರೆ ಕ್ರಮಗಳಲ್ಲಿ ಇಡಬಹುದು. ಒಂದು ಕ್ರಮದಲ್ಲಿ ಇಂಜಿನ್ನು ತಾನೇ ಹೆಚ್ಚು ಕಡಿಮೆಯಾಗುತ್ತ ವೇಗವನ್ನು ಕಾಪಾಡುತ್ತದೆ. ಇನ್ನೊಂದು ಕ್ರಮಕ್ಕೆ ಓಪನ್ ಡಿಸೆಂಟ್ ಎಂದು ಹೆಸರು. ಅದರಲ್ಲಿ ಇಂಜಿನ್ನು ಪೂರ್ತಿ ತಗ್ಗಿಹೋಗುತ್ತದೆ, ಬಸ್ಸನ್ನು ನ್ಯೂಟ್ರಲ್‌ಗೆ ಹಾಕಿ ಇಳಿಜಾರಿನಲ್ಲಿ ಬಿಟ್ಟಂತೆ. ಮೇಲಿನಿಂದ ಬರುವಾಗ ಇದು ಸರಿಯೇ. ಆದರೆ ರನ್‌ವೇ ಹತ್ತಿರ ಬಂದಾಗ ವಿಮಾನವನ್ನು ಸರಿಯಾದ ಇಳಿಜಾರಿನಲ್ಲಿ ಹಿಡಿಯಲು ಮೂತಿಯನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತಬೇಕಾಗುತ್ತದೆ. ಇಂಜಿನ್ನಿನಲ್ಲಿ ಶಕ್ತಿಯಿಲ್ಲದೆ ಮೂತಿ ಎತ್ತಿದರೆ ವೇಗ ಕರಗುತ್ತದೆ. ಅಂದು ಗಂಟೆಗೆ ಸುಮಾರು 245 ಕಿಲೋಮೀಟರ್ ಇರಬೇಕಾಗಿದ್ದ ವೇಗ ಕರಗುತ್ತ ಕರಗುತ್ತ 200ಕ್ಕಿಂತ ಕೆಳಗೆ ಹೋಯಿತು. ಅವರ ಲೆಕ್ಕದಲ್ಲಿ 132 ನಾಟ್ ಇರಬೇಕಾದದ್ದು 106 ಆಯಿತು.

ಇಳಿಯುವ ಕೊನೆಯ ಅರ್ಧ ನಿಮಿಷದಲ್ಲಿ ಇಬ್ಬರ ನಡುವೆ ನಡೆದ ಮಾತು ಕಾಕ್‌ಪಿಟ್ಟಿನ ಧ್ವನಿಮುದ್ರಣ ಯಂತ್ರದಲ್ಲಿ ಉಳಿಯಿತು. ನಲ್ಲಿಯ ಹತ್ತಿರ ಅಂದುಕೊಂಡಂತೆ ಅದು ಹರಟೆಯಲ್ಲ. ಪೂರ್ತಿ ಕೆಲಸದ ಮಾತು. ವಿಮಾನ ಓಪನ್ ಡಿಸೆಂಟ್‌ನಲ್ಲಿ ಇಳಿಯುತ್ತಿದೆ ಎಂಬುದನ್ನು ಪರೀಕ್ಷಕರು ಗಮನಿಸಿದರು, ಹೇಳಿಯೂ ಹೇಳಿದರು. ಅದರಿಂದ ಹೊರಬರಲು ಒಂದು ದಾರಿ, ಇಬ್ಬರ ಮುಂದೆಯೂ ಇರುವ ಫ್ಲೈಟ್ ಡೈರೆಕ್ಟರ್ ಎಂಬುದನ್ನು ಆರಿಸುವುದು. ಪರದೆಯ ಮೇಲೆ ಗೆರೆಗಳನ್ನು ಮೂಡಿಸಿ ಹೀಗೆ ಹೋಗು ಎಂದು ತೋರಿಸುವ ಸಾಧನ ಅದು. ಇಬ್ಬರಿಗೂ ಒಂದೊಂದು ಇರುತ್ತದೆ. ಎರಡನ್ನೂ ಆರಿಸಿದರೆ ಯಂತ್ರ ವೇಗ ಕಾಯುವ ಕ್ರಮಕ್ಕೆ ತಾನೇ ಮರಳುತ್ತದೆ, ಇಂಜಿನ್ನು ಎದ್ದುಕೊಳ್ಳುತ್ತದೆ. ಒಂದನ್ನು ಆರಿಸಿದರು. ಇನ್ನೊಂದು ಆರಲಿಲ್ಲ. ಯಾರದು ಆರಿದೆ ಯಾರದು ಆರಿಲ್ಲ ಎಂಬ ಮಾತಿನಲ್ಲಿ ಆ ಸೆಕೆಂಡುಗಳು ಹೋದವು.

ಅಷ್ಟರಲ್ಲಿ ಆ ವಿಮಾನದಲ್ಲಿ ಮೂರನೆಯ ದನಿಯೊಂದು ಮಾತಾಡುತ್ತಿತ್ತು. ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂಬುದನ್ನು ರೇಡಿಯೋ ಅಲೆಗಳಿಂದ ಅಳೆದು ಯಂತ್ರವೇ ಕೂಗಿ ಹೇಳುತ್ತದೆ. ನಾನೂರು ಅಡಿ ಎಂದಿತು. ಮುನ್ನೂರು ಎಂದಿತು. ಇನ್ನೂರು ಎಂದಿತು. ಆಮೇಲೆ ಒಬ್ಬರಿಗೆ ನೆಲ ಕಾಣಿಸಿತು, ಕೆಳಗೆ ಹೋಗುತ್ತಿದ್ದೇವೆ ಎಂದು ಕೂಗಿದರು, ಹಿಡಿಕೆಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ಆದರೆ ಪೂರ್ತಿ ತಗ್ಗಿದ ಜೆಟ್ ಇಂಜಿನ್ನು ಸ್ಕೂಟರಿನ ಹಾಗೆ ಹಿಡಿ ತಿರುಗಿಸಿದ ಕೂಡಲೇ ನೆಗೆಯುವುದಿಲ್ಲ, ಪೂರ್ತಿ ಶಕ್ತಿಗೆ ಬರಲು ಅದಕ್ಕೆ ಹಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಇರಲಿಲ್ಲ. ರನ್‌ವೇಗೆ ಸುಮಾರು 2,300 ಅಡಿ ಇರುವಾಗಲೇ ಗಾಲಿಗಳು ಗಾಲ್ಫ್ ಮೈದಾನದ ಹುಲ್ಲನ್ನು ಮುಟ್ಟಿದವು. ವಿಮಾನ ಒಮ್ಮೆ ಪುಟಿದು, ಏರಿಗೆ ಬಡಿದು, ಕಾಲುವೆ ದಾಟಿ ನಿಲ್ದಾಣದ ಗೋಡೆಯ ಆಚೆಯೇ ನಿಂತಿತು. ಆಮೇಲೆ ಬೆಂಕಿ.

ಆ ಗಾಲ್ಫ್ ಮೈದಾನ ಒಂದು ಕಾಲಕ್ಕೆ ಚಲ್ಲಘಟ್ಟದ ಕೆರೆಯಾಗಿತ್ತು. ಕೆರೆಗಳ ಸೀಮೆಯಿಂದ ಬಂದ ನನಗೆ ಅಪಘಾತದ ಕಥೆಯ ನಡುವೆ ಇದು ಬಂದು ಚುಚ್ಚುತ್ತದೆ. ವಿಷಯ ಅದಲ್ಲ, ಮುಂದೆ ಹೋಗೋಣ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ಈ ಅಪಘಾತದ ವಿಚಾರಣೆ ನಡೆಸಿದರು. ಆ ನಡುವೆ ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆಯೇ ನಿಲ್ಲಿಸಿತ್ತು. ವಿಚಾರಣೆಯಲ್ಲಿ ಯಂತ್ರದ ಪರ, ಮನುಷ್ಯರ ಪರ ದೊಡ್ಡ ವಾದಗಳಾದವು. ಇಳಿಯುವ ವೇಗವನ್ನು ನಿಮಿಷಕ್ಕೆ 700 ಅಡಿ ಎಂದು ಹೊಂದಿಸುವ ಗುಂಡಿಗೆ ಬದಲಾಗಿ ಎತ್ತರ ಹೊಂದಿಸುವ ಗುಂಡಿಯನ್ನು ತಿರುಗಿಸಿರಬಹುದೇ ಎಂಬ ಪ್ರಶ್ನೆಯೂ ಬಂತು. ಎರಡೂ ಒಂದೇ ಸಾಲಿನಲ್ಲಿರುವ ತಿರುಗುಗುಂಡಿಗಳು. ಆದರೆ ಇಂಜಿನ್ನು ತಗ್ಗಿದ ಆ ಕ್ರಮಕ್ಕೆ ವಿಮಾನ ಅಂಥ ಹೊತ್ತಿನಲ್ಲಿ ಯಾಕೆ ಹೋಯಿತು ಎಂಬುದನ್ನು ಗುರುತಿಸಲು ಸಾಧ್ಯವಿಲ್ಲ ಎಂದೇ ವರದಿ ಹೇಳಿತು. ಕಾರಣವೆಂದು ಅದು ಬರೆದದ್ದು ಇದು: ಯಂತ್ರ ಯಾವ ಕ್ರಮದಲ್ಲಿದೆ ಎಂದು ಗೊತ್ತಿದ್ದೂ, ನಾನೂರು, ಮುನ್ನೂರು, ಇನ್ನೂರು ಎಂಬ ಕೂಗು ಕೇಳಿಸಿದ ಮೇಲೂ, ಪೈಲಟ್‌ಗಳು ಪರಿಸ್ಥಿತಿಯ ಗಾಂಭೀರ್ಯವನ್ನು ಅರಿತು ಕೂಡಲೇ ಹಿಡಿಕೆಗಳನ್ನು ಮುಂದಕ್ಕೆ ತಳ್ಳಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 700 ಅಡಿಯಂತೆ ಇಳಿದರೆ ಸೆಕೆಂಡಿಗೆ ಹನ್ನೊಂದು ಅಡಿ ಚಿಲ್ಲರೆ. ನಾನೂರು ಅಡಿಯಿಂದ ನೆಲಕ್ಕೆ ಅರ್ಧ ನಿಮಿಷ. ಅದೂ ಎಲ್ಲ ಸರಿಯಿದ್ದರೆ. ಮೂವತ್ತು ಸಾವಿರ ಅಡಿಯಲ್ಲಿ ಇಬ್ಬರು ಪೈಲಟ್‌ಗಳು ಯಾವ ಸ್ವಿಚ್ಚು ಆರಿದೆ ಎಂದು ಹತ್ತು ನಿಮಿಷ ವಾದಿಸಬಹುದು, ಕಾಫಿ ತರಿಸಿಕೊಂಡು ವಾದಿಸಬಹುದು. ನಾನೂರು ಅಡಿಯಲ್ಲಿ ಅದೇ ವಾದಕ್ಕೆ ಬೆಲೆ ಬೇರೆ. ನಮ್ಮ ಹುಡುಗಿ ಇದನ್ನು ಹೇಳಿದ್ದು ಹೀಗೆ: "ಚಿಕ್ಕಮ್ಮಾ, ಮೇಲಿದ್ದರೆ ತಪ್ಪು ಮಾಡಿ ತಿದ್ದಿಕೊಳ್ಳೋಕೆ ಟೈಮ್ ಇರುತ್ತೆ. ಕೆಳಗೆ ಬಂದಾಗ ತಪ್ಪು ಗೊತ್ತಾಗೋಕೇ ಟೈಮ್ ಇರಲ್ಲ."

ನಮ್ಮ ಅತ್ತೆಯವರು ಒಂದು ಮಾತು ಹೇಳುತ್ತಿದ್ದರು. ಒಬ್ಬಳೇ ಇರುವ ಅಡುಗೆಮನೆಯಲ್ಲಿ ಹಾಲು ಉಕ್ಕುವುದಕ್ಕಿಂತ ಇಬ್ಬರಿರುವ ಅಡುಗೆಮನೆಯಲ್ಲಿ ಉಕ್ಕುವುದು ಹೆಚ್ಚಂತೆ. ಅವಳು ನೋಡುತ್ತಾಳೆ ಎಂದು ಇವಳು, ಇವಳು ನೋಡುತ್ತಾಳೆ ಎಂದು ಅವಳು. ಇಬ್ಬರೂ ಸೋಮಾರಿಗಳಲ್ಲ, ಒಬ್ಬಳು ಹುಣಸೆಹಣ್ಣು ಕಿವುಚುತ್ತಿರುತ್ತಾಳೆ, ಇನ್ನೊಬ್ಬಳು ಕೊತ್ತಂಬರಿ ಹೆಚ್ಚುತ್ತಿರುತ್ತಾಳೆ. ಗಮನ ತಪ್ಪುವುದು ಎಂದರೆ ಕೆಲಸ ಬಿಟ್ಟು ಕೂರುವುದು ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅದು ಸಣ್ಣ ಕೆಲಸವೊಂದು ದೊಡ್ಡ ಕೆಲಸವನ್ನು ತಿಂದುಹಾಕುವುದು. ಆ ಸಣ್ಣ ಕೆಲಸವೂ ಮಾಡಲೇಬೇಕಾದ ಕೆಲಸವೇ, ಅದೇ ತೊಂದರೆ.

ಇದಕ್ಕೆ ಪೈಲಟ್‌ಗಳ ಪಾಠದಲ್ಲಿ ಹೇಳುವ ದೊಡ್ಡ ಉದಾಹರಣೆ ಅಮೆರಿಕದ್ದು. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಮಯಾಮಿಗೆ ಬಂದು ಇಳಿಯಬೇಕಾಗಿತ್ತು. ಅದೂ ಹೊಸ ವಿಮಾನವೇ. ಮೂತಿಯ ಕೆಳಗಿನ ಗಾಲಿ ಹೊರಬಂದು ಸರಿಯಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಎರಡು ಸಾವಿರ ಅಡಿಗೆ ಏರಿ, ಊರಾಚೆಯ ಜೌಗು ನೆಲದ ಮೇಲೆ, ಕತ್ತಲಲ್ಲಿ, ಯಂತ್ರದ ಕೈಗೆ ವಿಮಾನ ಕೊಟ್ಟು ದೀಪ ನೋಡತೊಡಗಿದರು. ಒಬ್ಬರು ಬಲ್ಬಿನ ಮುಚ್ಚಳ ಬಿಚ್ಚುತ್ತಾರೆ, ಅದು ಅಡ್ಡವಾಗಿ ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬರು ಹೇಗೆ ತೆಗೆಯಬೇಕೆಂದು ಹೇಳುತ್ತಾರೆ. ಮೂರನೆಯವರು ಗಾಲಿಯನ್ನೇ ಕಣ್ಣಿಂದ ನೋಡಲು ಕೆಳಗಿನ ಗೂಡಿಗೆ ಇಳಿದರು. ಈ ಗಡಿಬಿಡಿಯಲ್ಲಿ ಎತ್ತರ ಕಾಯುತ್ತಿದ್ದ ಯಂತ್ರದ ಹಿಡಿತ ತಪ್ಪಿತು. ವಿಮಾನ ನಿಧಾನವಾಗಿ, ಯಾರಿಗೂ ತಿಳಿಯದ ಹಾಗೆ ಇಳಿಯತೊಡಗಿತು. ಎಚ್ಚರಿಕೆಯ ಗಂಟೆಯೂ ಒಮ್ಮೆ ಮೊಳಗಿತು. ಯಾರ ಕಿವಿಗೂ ಬೀಳಲಿಲ್ಲ. 176 ಜನರಲ್ಲಿ 101 ಜನ ಹೋದರು. ಗಾಲಿ ಸರಿಯಾಗಿಯೇ ಇತ್ತು. ಸುಟ್ಟುಹೋಗಿದ್ದದ್ದು ದೀಪ.

ಹರಟೆಯಿಂದಲೇ ಆದ ಅಪಘಾತಗಳೂ ಇಲ್ಲದಿಲ್ಲ. 1974ರ ಸೆಪ್ಟೆಂಬರ್ 11ರಂದು ಅದೇ ಕಂಪನಿಯ ಇನ್ನೊಂದು ವಿಮಾನ ಷಾರ್ಲಟ್ ಎಂಬ ಊರಿನಲ್ಲಿ ಮಂಜಿನ ನಡುವೆ ಇಳಿಯುತ್ತಿತ್ತು. ಪೈಲಟ್‌ಗಳು ರಾಜಕೀಯ ಮಾತಾಡಿದರು, ಹಳೆಯ ಕಾರುಗಳ ವಿಷಯ ಮಾತಾಡಿದರು, ಕೆಳಗೆ ಮಕ್ಕಳ ಆಟದ ಉದ್ಯಾನದ ಗೋಪುರ ಕಾಣುತ್ತದೆಯೇ ಎಂದು ಹುಡುಕಿದರು. 82 ಜನರಲ್ಲಿ 72 ಜನ ಸತ್ತರು. ಇಂಥವುಗಳನ್ನೆಲ್ಲ ನೋಡಿ 1981ರಲ್ಲಿ ಅಮೆರಿಕ ಒಂದು ನಿಯಮ ತಂದಿತು: ಹತ್ತು ಸಾವಿರ ಅಡಿಗಿಂತ ಕೆಳಗೆ, ಏರುವಾಗಲೂ ಇಳಿಯುವಾಗಲೂ, ವಿಮಾನ ನಡೆಸುವುದಕ್ಕೆ ಬೇಕಾದ್ದನ್ನು ಬಿಟ್ಟು ಬೇರೆ ಮಾತಿಲ್ಲ, ಬೇರೆ ಕೆಲಸವಿಲ್ಲ, ಊಟ ತಿಂಡಿಯಿಲ್ಲ. ಗಗನಸಖಿಯರೂ ಸುಮ್ಮನೆ ಒಳಗೆ ಕರೆಮಾಡುವಂತಿಲ್ಲ. ಆಮೇಲೆ ಜಗತ್ತಿನ ಕಂಪನಿಗಳೆಲ್ಲ ಇದನ್ನು ಒಪ್ಪಿಕೊಂಡವು. ನಮ್ಮ ಮನೆಗಳಲ್ಲಿ ಮಡಿ ಉಟ್ಟು ಒಲೆ ಮುಂದೆ ನಿಂತವರನ್ನು ಯಾರೂ ಮಾತಾಡಿಸುತ್ತಿರಲಿಲ್ಲವಲ್ಲ, ಹೆಚ್ಚು ಕಡಿಮೆ ಆ ಥರದ ಮಡಿ ಎಂದು ನಾನು ಅಂದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು.

ಆದರೆ ಈ ಮಡಿ ಹರಟೆಯನ್ನು ತಡೆಯಬಲ್ಲದು, ಬಲ್ಬನ್ನು ತಡೆಯಲಾರದು. ಬೆಂಗಳೂರಿನ ವಿಮಾನದಲ್ಲಿ ಆ ನಿಯಮವನ್ನು ಅಕ್ಷರಶಃ ಪಾಲಿಸಿದ್ದರೂ ಆ ಕೊನೆಯ ಮಾತುಗಳು ನಡೆಯುತ್ತಿದ್ದವು, ಏಕೆಂದರೆ ಅವು ವಿಮಾನದ ಮಾತುಗಳೇ.

ನಲ್ಲಿಯ ಹತ್ತಿರ ಯಂತ್ರವನ್ನು ಬೈದವರಿಗೂ ಅವರದೇ ಕಾರಣವಿತ್ತು. ಬೆಂಗಳೂರಿಗಿಂತ ಇಪ್ಪತ್ತು ತಿಂಗಳು ಹಿಂದೆ, 1988ರ ಜೂನ್ 26ರಂದು, ಫ್ರಾನ್ಸಿನ ಹಾಬ್ಸ್‌ಹೈಮ್ ಎಂಬ ಸಣ್ಣ ನಿಲ್ದಾಣದಲ್ಲಿ ಇದೇ ಎ-320 ವಿಮಾನ ಜನರಿಗೆ ತೋರಿಸಲೆಂದು ಕೆಳಮಟ್ಟದಲ್ಲಿ ಹಾರಿ, ರನ್‌ವೇ ತುದಿಯ ಕಾಡಿಗೆ ನುಗ್ಗಿತ್ತು. ನೂರು ಅಡಿಯಲ್ಲಿ ಹೋಗಬೇಕಾದದ್ದು ಮೂವತ್ತು ಅಡಿಗೆ ಇಳಿದಿತ್ತು. ಅಲ್ಲಿಯೂ ಇಂಜಿನ್ನು ತಗ್ಗಿತ್ತು, ಅಲ್ಲಿಯೂ ಕೊನೆಯಲ್ಲಿ ಶಕ್ತಿ ಕೊಟ್ಟಾಗ ಹೊತ್ತು ಮೀರಿತ್ತು. ಪೈಲಟ್‌ಗಳಿಗೆ ಆ ನಿಲ್ದಾಣ ಹೊಸದು, ಪ್ರೇಕ್ಷಕರು ನಿಂತದ್ದು ಅವರು ಅಂದುಕೊಂಡಿದ್ದ ರನ್‌ವೇ ಪಕ್ಕದಲ್ಲಲ್ಲ, ಇನ್ನೊಂದರ ಪಕ್ಕದಲ್ಲಿ. ಬಂದು ನೋಡಿದ ಮೇಲೆ ಅತ್ತ ತಿರುಗಿಸಿಕೊಂಡರು. ಕಾಡಿನ ಮರಗಳನ್ನು ನೋಡುವ ಹೊತ್ತಿನಲ್ಲಿ ಜನರನ್ನು ಹುಡುಕುತ್ತಿದ್ದರು. 136 ಜನರಲ್ಲಿ ಮೂವರು ಸತ್ತರು: ನಡೆಯಲಾರದ ಒಬ್ಬ ಹುಡುಗ, ಬೆಲ್ಟು ಬಿಚ್ಚಿಕೊಳ್ಳಲಾಗದ ಒಬ್ಬ ಪುಟ್ಟ ಹುಡುಗಿ, ಬಾಗಿಲ ತನಕ ಬಂದಿದ್ದವಳು ಆ ಮಗುವಿಗಾಗಿ ಹಿಂದಕ್ಕೆ ಹೋದ ಒಬ್ಬ ಹೆಂಗಸು. ದೊಡ್ಡ ಅಪಘಾತಗಳ ಪಟ್ಟಿಯಲ್ಲಿ ಮೂರು ಎಂಬುದು ಸಣ್ಣ ಸಂಖ್ಯೆ. ನನಗೆ ಆ ಮೂರನೆಯವಳನ್ನು ದಾಟಿ ಮುಂದಿನ ಪುಟಕ್ಕೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಚಿಂತಾಮಣಿಯವರಿಗೆ ಇವೆಲ್ಲಕ್ಕಿಂತ ಹತ್ತಿರವಾದ ಸುದ್ದಿ ಬಂದದ್ದು 2009ರಲ್ಲಿ. ನಮ್ಮದು ಗಡಿ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಂಗಾರದಂಗಡಿಯಲ್ಲಿ ಎರಡೂ. ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಹೈದರಾಬಾದಿನಿಂದ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಗೆಂದು ಹೆಲಿಕಾಪ್ಟರ್ ಹತ್ತಿದವರು ಬಂದು ಮುಟ್ಟಲಿಲ್ಲ. ಒಂದು ದಿನವೆಲ್ಲ ಮನೆಮನೆಯಲ್ಲಿ ತೆಲುಗು ಟಿ.ವಿ. ಆರಲಿಲ್ಲ. ಮಾರನೆಯ ದಿನ ನಲ್ಲಮಲ ಕಾಡಿನ ಗುಡ್ಡದಲ್ಲಿ ಐವರ ದೇಹಗಳೂ ಸಿಕ್ಕವು. ತನಿಖೆಯ ವರದಿ ಬಂದಾಗ ನಾನು ಪತ್ರಿಕೆಯನ್ನು ಎರಡು ಸಲ ಓದಿದೆ. ಗೇರ್ ಪೆಟ್ಟಿಗೆಯ ಎಣ್ಣೆಯ ಒತ್ತಡದ ಬಗ್ಗೆ ಒಂದು ಸೂಚನೆ ಕಂಡು, ಅದಕ್ಕೆ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಹುಡುಕುತ್ತ ಪೈಲಟ್‌ಗಳಿಬ್ಬರೂ ಆರು ನಿಮಿಷಕ್ಕೂ ಹೆಚ್ಚು ಕಾಲ ಕಳೆದರು. ಅಷ್ಟು ಹೊತ್ತೂ ಎದುರಿಗಿದ್ದ ಮಳೆಮೋಡ ಹತ್ತಿರ ಬರುತ್ತಲೇ ಇತ್ತು. ಅದರೊಳಗೆ ಸಿಕ್ಕಿದ ಮೇಲೆ ಮೇಲಿನಿಂದ ಕೆಳಕ್ಕೆ ಬಡಿಯುವ ಗಾಳಿ ಹೆಲಿಕಾಪ್ಟರನ್ನು ಗುಡ್ಡಕ್ಕೆ ಒತ್ತಿತು. ಮಯಾಮಿಯ ಬಲ್ಬೂ ಈ ಕೈಪಿಡಿಯೂ ಒಂದೇ. ಮೂವತ್ತೇಳು ವರ್ಷ, ಅರ್ಧ ಭೂಗೋಳ ನಡುವೆ ಇದ್ದರೂ ಒಂದೇ.

ಅದಕ್ಕೂ ಐದು ವರ್ಷ ಹಿಂದೆ, 2004ರ ಏಪ್ರಿಲ್ 17ರಂದು, ಸೌಂದರ್ಯ ಹೋದಳು. ಗಮನ ತಪ್ಪಿದ್ದರ ಕಥೆಯೆಂದು ಇದನ್ನು ಇಲ್ಲಿ ಸೇರಿಸುತ್ತಿಲ್ಲ, ಕೆಳಮಟ್ಟ ಎಂದರೆ ಏನು ಎಂಬುದು ನಮ್ಮ ಕಡೆಯ ಹೆಂಗಸರಿಗೆ ತಿಳಿದದ್ದು ಅವತ್ತೇ ಎಂದು ಹೇಳುತ್ತಿದ್ದೇನೆ. ಮುಳಬಾಗಿಲು ಸೀಮೆಯ ಹುಡುಗಿ ಅವಳು. ಆಗ ಚಿಂತಾಮಣಿಯೂ ಕೋಲಾರ ಜಿಲ್ಲೆಯಲ್ಲೇ ಇತ್ತು, 2007ರಲ್ಲಿ ತಾನೇ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು. ಹಾಗಾಗಿ ಅವಳು ನಮ್ಮ ಜಿಲ್ಲೆಯ ಮಗಳು. 'ಅಮ್ಮೋರು' ನೋಡಿ ಟೆಂಟಿನಲ್ಲೇ ಕೈಮುಗಿದವರನ್ನು ನಾನು ಬಲ್ಲೆ. 'ದ್ವೀಪ'ವನ್ನು ಅವಳೇ ನಿರ್ಮಿಸಿ, ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿತ್ತು. ಚುನಾವಣೆಯ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೋಗಲು ಅಣ್ಣನ ಜೊತೆ ಜಕ್ಕೂರಿನಲ್ಲಿ ಪುಟ್ಟ ಸೆಸ್ನಾ ವಿಮಾನ ಹತ್ತಿದಳು. ಎದ್ದ ಸ್ವಲ್ಪ ಹೊತ್ತಿಗೇ, ಇನ್ನೂ ಮರಗಳ ಎತ್ತರ ದಾಟಿ ಸರಿಯಾಗಿ ಮೇಲೇರುವ ಮೊದಲೇ, ಅದು ಪಕ್ಕದ ಕೃಷಿ ವಿಶ್ವವಿದ್ಯಾಲಯದ ಹೊಲಕ್ಕೆ ಬಿದ್ದು ಉರಿಯಿತು. ನಾಲ್ವರೂ ಹೋದರು. 'ಆಪ್ತಮಿತ್ರ' ಬಿಡುಗಡೆಯಾದಾಗ ಅವಳು ಇರಲಿಲ್ಲ. ಅಷ್ಟು ಕೆಳಗಿನಿಂದ ಬಿದ್ದರೆ ಬದುಕಬಹುದಲ್ಲವೇ ಎಂದು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ರತ್ನಮ್ಮ ಕೇಳಿದಳು. ಎತ್ತರದಿಂದ ಬೀಳುವುದೇ ಅಪಾಯವೆಂದು ಎಲ್ಲರೂ ತಿಳಿದಿರುತ್ತೇವೆ. ವಿಮಾನಕ್ಕೆ ಎತ್ತರವೇ ಅಭಯ ಎಂಬುದು ನನಗೂ ಹುಡುಗಿ ಹೇಳಿದ ಮೇಲೆಯೇ ಮನಸ್ಸಿಗೆ ಹತ್ತಿದ್ದು.

ಸಣ್ಣ ವಿಮಾನಗಳಲ್ಲಿ ಅಪಾಯದ ಜಾಗ ಯಾವುದೆಂದು ಅವಳು ಊಟದ ತಟ್ಟೆಯ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ರನ್‌ವೇ ಕಡೆಗೆ ಕೊನೆಯ ತಿರುವು. ವೇಗ ಕಡಿಮೆ, ಎತ್ತರ ಕಡಿಮೆ, ವಿಮಾನ ವಾಲಿದೆ. ಆ ಹೊತ್ತಿನಲ್ಲಿ ರೇಡಿಯೋದಲ್ಲಿ ಯಾರೋ ಕರೆದರೆ, ಪಕ್ಕದಲ್ಲಿ ಕೂತವರು ಅಗೋ ನಮ್ಮ ಮನೆ ಎಂದು ತೋರಿಸಿದರೆ, ಕಣ್ಣು ಅತ್ತ ಹೋಗುತ್ತದೆ, ಕೈ ತಿಳಿಯದೆಯೇ ಮೂತಿಯನ್ನು ಎತ್ತುತ್ತದೆ. ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಬುಗುರಿಯಂತೆ ಸುತ್ತಿಕೊಂಡು ಬೀಳುತ್ತದೆ. ನಾಲ್ಕೈದು ಸಾವಿರ ಅಡಿಯಲ್ಲಿ ಇದನ್ನು ಬೇಕೆಂದೇ ಮಾಡಿ, ಬಿಡಿಸಿಕೊಳ್ಳುವುದನ್ನು ಕಲಿಸುತ್ತಾರೆ. ಐನೂರು ಅಡಿಯಲ್ಲಿ ಬಿಡಿಸಿಕೊಳ್ಳಲು ಜಾಗವಿಲ್ಲ.

ಅದಕ್ಕೆ ಅವರ ಬೋಧಕರು ಒಂದು ಉಪಾಯ ಮಾಡುತ್ತಾರಂತೆ. ಅಮೆರಿಕದ ವಿಮಾನಯಾನ ಇಲಾಖೆಯೇ ಬೋಧಕರಿಗೆ ಹೇಳಿಕೊಟ್ಟ ಉಪಾಯ. ಸಾಕಷ್ಟು ಎತ್ತರದಲ್ಲಿ, ವಿಮಾನವನ್ನು ಬಹಳ ನಿಧಾನವಾಗಿ ಹಾರಿಸಲು ಹೇಳಿ, ಬೋಧಕರು ಬೇಕೆಂದೇ ಒಂದು ಪೆನ್ಸಿಲ್ಲು ಕೆಳಗೆ ಬೀಳಿಸುತ್ತಾರೆ. ತೆಗೆದುಕೊಡು ಎನ್ನುತ್ತಾರೆ. ಇಲ್ಲವೇ, ನಕ್ಷೆಯಲ್ಲಿ ಇಂಥ ಊರು ಎಲ್ಲಿದೆ ನೋಡಿ ಹೇಳು ಎನ್ನುತ್ತಾರೆ. ಮಕ್ಕಳು ಬಗ್ಗುತ್ತಾರೆ, ಹುಡುಕುತ್ತಾರೆ, ತಲೆ ಎತ್ತುವಷ್ಟರಲ್ಲಿ ವೇಗ ಹೋಗಿರುತ್ತದೆ. ಕಲಿಸುವವರು ಬೈಯುವುದಿಲ್ಲವಂತೆ, ವೇಗದ ಮುಳ್ಳನ್ನು ಬೆರಳಿನಿಂದ ತೋರಿಸುತ್ತಾರಂತೆ. "ಮೊದಲು ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು," ಇದು ಅವರ ಗಾಯತ್ರಿ.

ನಾನು ಕೇಳಿದೆ, "ನೀನು ಪೆನ್ಸಿಲ್ಲು ತೆಗೆದುಕೊಟ್ಟೆಯಾ?"

"ಮೊದಲನೇ ಸಲ ತೆಗೆದುಕೊಟ್ಟೆ. ಎರಡನೇ ಸಲ, ಆಮೇಲೆ ತೆಗೀತೀನಿ ಸಾರ್ ಅಂದೆ. ಬೇಸರ ಮಾಡ್ಕೋತಾರೇನೋ ಅಂತ ಭಯ ಆಗಿತ್ತು ಚಿಕ್ಕಮ್ಮ."

ಈ ಭಯ ಸಣ್ಣದಲ್ಲ. ದೊಡ್ಡವರು ಹೇಳಿದ್ದನ್ನು ಕೂಡಲೇ ಮಾಡು ಎಂದೇ ನಾವು ಹೆಣ್ಣುಮಕ್ಕಳನ್ನು ಬೆಳೆಸಿದ್ದು. ಕೂಗಿದ ಕೂಡಲೇ ಓ ಎನ್ನಬೇಕು, ಕೈಯಲ್ಲಿ ಎಣ್ಣೆಯ ಬಾಣಲೆ ಇದ್ದರೂ ಸರಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನದಲ್ಲಿಯೂ ಇದರ ನೆರಳಿದೆ. ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದ ಕ್ಯಾಪ್ಟನ್, ಇರಬೇಕಾದ್ದಕ್ಕಿಂತ ಬಹಳ ಎತ್ತರದಿಂದ ರನ್‌ವೇಗೆ ನುಗ್ಗಿದರು. ಪಕ್ಕದ ಸಹಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಒಂದಲ್ಲ, ಮೂರು ಸಲ ಹೇಳಿದರು. ಹೇಳಿದರೇ ಹೊರತು ತಾವೇ ಕೈ ಹಾಕಿ ಮೇಲೆತ್ತಲಿಲ್ಲ. ದೊಡ್ಡವರ ಕೈ ಮೇಲೆ ಕೈ ಇಡುವುದು ವಿಮಾನದಲ್ಲೂ ಕಷ್ಟ. ಬೆಂಗಳೂರಿನಲ್ಲಿ ಪರೀಕ್ಷಕರೂ ಪರೀಕ್ಷೆ ಕೊಡುವವರೂ ಅಕ್ಕಪಕ್ಕ ಕೂತಿದ್ದದ್ದು ನನಗೆ ಮತ್ತೆ ನೆನಪಾಯಿತು. ಯಾರ ಕೈ ಮೊದಲು ಹೋಗಬೇಕಿತ್ತು ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸುಲಭ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಹೆಂಗಸರು ಬಿಸಿನೀರಿನ ಬೇಸಿನ್ನಿನ ಮುಂದೆ ಕೂತಿರುವುದನ್ನು ನೀವು ನೋಡಿರುತ್ತೀರಿ. ಒಬ್ಬಳ ಮುಂದೆ ಹಲವು ಎಳೆಗಳು ಓಡುತ್ತಿರುತ್ತವೆ. ಗೂಡು ಮುಗಿದರೆ ಎಳೆ ತೆಳುವಾಗುತ್ತದೆ, ಮುಗಿದ ಕೂಡಲೇ ಇನ್ನೊಂದು ಗೂಡಿನ ಎಳೆಯನ್ನು ಸೇರಿಸಬೇಕು. ಅವರು ಮಾತಾಡುತ್ತಲೇ ಇರುತ್ತಾರೆ, ಸಿನಿಮಾ, ಚೀಟಿ, ಮಗಳ ಮದುವೆ. ಕಣ್ಣು ಮಾತ್ರ ನೀರಿನಿಂದ ಏಳುವುದಿಲ್ಲ. ಒಮ್ಮೆ ಅಲ್ಲಿಯ ಒಬ್ಬ ಹಿರಿಯ ಹೆಂಗಸನ್ನು, ಇಷ್ಟು ಮಾತಿನಲ್ಲಿ ಎಳೆ ಹೇಗೆ ತಪ್ಪುವುದಿಲ್ಲ ಎಂದು ಕೇಳಿದ್ದೆ. "ಮಾತಿಗೆ ಎಳೆ ತಪ್ಪಲ್ಲ ಅಮ್ಮ. ಒಂದು ಎಳೆ ಸಿಕ್ಕಾಗಿ ಅದನ್ನ ಬಿಡಿಸೋಕೆ ಕೂತ್ರೆ ಮಿಕ್ಕಿದ್ದು ತಪ್ಪುತ್ತೆ" ಎಂದಿದ್ದಳು. ಹುಡುಗಿಗೆ ಇದನ್ನು ಹೇಳಿದೆ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಎಚ್.ಎ.ಎಲ್. ನಿಲ್ದಾಣದಿಂದ ಸಾರ್ವಜನಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಬಂದವು. ಬೆಂಗಳೂರಿನವರಿಗೆ ದೂರವಾದ ನಿಲ್ದಾಣ ನಮಗೆ ಹತ್ತಿರವಾಯಿತು. ಈಗ ನಮ್ಮ ಬೀದಿಯಲ್ಲಿ ವಿಮಾನ ಹತ್ತದ ಮನೆಯೇ ಇಲ್ಲ, ಒಬ್ಬರ ಮಗ ಅಮೆರಿಕದಲ್ಲಿ, ಇನ್ನೊಬ್ಬರ ಮಗಳು ದುಬೈಯಲ್ಲಿ. ಯಾರನ್ನೋ ಕರೆದುಕೊಂಡು ಬರಲು ಬೂದಿಗೆರೆ ರಸ್ತೆಯಲ್ಲಿ ಹೋಗುವಾಗ ಇಳಿಯುವ ವಿಮಾನ ತಲೆಯ ಮೇಲೆಯೇ ಹಾದುಹೋಗುತ್ತದೆ. ದ್ರಾಕ್ಷಿ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರು ಈಗ ತಲೆ ಎತ್ತಿಯೂ ನೋಡುವುದಿಲ್ಲ. ನಾನು ನೋಡುತ್ತೇನೆ. ಗಾಲಿಗಳು ಹೊರಗೆ ಬಂದಿರುತ್ತವೆ, ಕಿಟಕಿಗಳನ್ನು ಎಣಿಸಬಹುದು. ಒಳಗೆ ಯಂತ್ರ ಎತ್ತರವನ್ನು ಕೂಗಿ ಹೇಳುತ್ತಿರುತ್ತದೆ.